ಕೀವೋ ಕೆಂಪೋ: ಚರ್ಮದ ಸೋಂಕಿಗೆ ಚಾಕು, ಮುಲಾಮು, ಮಾತ್ರೆಗಳಲ್ಲಿ ಯಾವುದು ಸರಿ?

ತೊಡೆಯ ಮೇಲೊಂದು ಕುರು ಎದ್ದಿದೆ. ಔಷಧಿ ಅಂಗಡಿಗೆ ಹೋದರೆ ಐದು ದಿನದ ಆ್ಯಂಟಿಬಯೋಟಿಕ್ ಮಾತ್ರೆ, ಜೊತೆಗೊಂದು ಟ್ಯೂಬು ಮುಲಾಮು ಕೈಗೆ ಬರುತ್ತದೆ. ಪಕ್ಕದ ಮನೆಯ ಮಗುವಿನ ಮೂಗಿನ ಕೆಳಗೆ ಜೇನಿನ ಬಣ್ಣದ ಹಕ್ಕಳೆ ಕಟ್ಟಿದೆ. ಅದಕ್ಕೂ ಅದೇ ಮಾತ್ರೆ, ಅದೇ ಟ್ಯೂಬು. ಅಜ್ಜನ ಕಾಲು ಮೊಣಕಾಲಿನವರೆಗೆ ಕೆಂಪಗೆ ಊದಿ ಚಳಿಜ್ವರ ಬಂದಿದೆ, ಅದಕ್ಕೂ ಅದೇ. ಮೂರೂ ಬ್ಯಾಕ್ಟೀರಿಯಾದಿಂದ ಬಂದ ಸೋಂಕುಗಳು ನಿಜ. ಆದರೆ ಮೊದಲನೆಯದಕ್ಕೆ ಮುಖ್ಯ ಮದ್ದು ಚಾಕು, ಎರಡನೆಯದಕ್ಕೆ ಮುಲಾಮು, ಮೂರನೆಯದಕ್ಕೆ ಮಾತ್ರೆ ಅಥವಾ ಚುಚ್ಚುಮದ್ದು. ಹಾಗಾಗಿ ಯಾವ ಮಾತ್ರೆ ಒಳ್ಳೆಯದು ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಒಳಗೆ ಕೀವು ಕಟ್ಟಿದೆಯೋ, ಕೆಂಪು ಮಾತ್ರ ಹರಡುತ್ತಿದೆಯೋ, ಇಲ್ಲ ಮೇಲುಚರ್ಮದಲ್ಲಷ್ಟೇ ಹಕ್ಕಳೆ ಕಟ್ಟಿದೆಯೋ? ಮುಂದಿನ ಹೋಲಿಕೆಗಳೆಲ್ಲ ಇದರ ಮೇಲೆ ನಿಂತಿವೆ.

ಗೊಂಚಲು ಮತ್ತು ಸರ

ಕೀವನ್ನೂ ಕೆಂಪನ್ನೂ ಬೇರೆಯಾಗಿ ನೋಡುವುದು ಹಳೆಯ ತಿಳಿವಳಿಕೆ. ಆಯುರ್ವೇದ ಕೀವು ಕಟ್ಟುವ ಬಾವಿಗೆ ವಿದ್ರಧಿ ಎಂದೂ, ಚರ್ಮದಲ್ಲಿ ಹರಿದಾಡುವ ಬೇನೆಗೆ ವಿಸರ್ಪ ಎಂದೂ ಬೇರೆ ಬೇರೆ ಹೆಸರಿಟ್ಟಿತ್ತು. ಸುಶ್ರುತ ಸಂಹಿತೆ ಬಾವಿಗೆ ಆಮ, ಪಚ್ಯಮಾನ, ಪಕ್ವ ಎಂಬ ಮೂರು ಹಂತಗಳನ್ನು ಹೇಳಿ, ಕಾಯಾಗಿರುವಾಗಲೇ ಕೊಯ್ಯುವವನನ್ನೂ ಹಣ್ಣಾದ ಮೇಲೂ ಕೊಯ್ಯದೆ ಬಿಡುವವನನ್ನೂ ಒಂದೇ ಸಮನಾಗಿ ಖಂಡಿಸುತ್ತದೆ. ಕುರು ‘ಹಣ್ಣಾಯಿತು’, ‘ಬಾಯಿ ಬಿಟ್ಟಿತು’ ಎಂದು ನಾವು ಇಂದಿಗೂ ಆಡುವ ಮಾತಿನಲ್ಲಿರುವುದೂ ಇದೇ ಲೆಕ್ಕ.

ಕಾರಣ ಕಣ್ಣಿಗೆ ಬಿದ್ದದ್ದು 19ನೇ ಶತಮಾನದ ಕೊನೆಯಲ್ಲಿ. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಸರ್ಜನ್ ಆಗಿದ್ದ ಅಲೆಕ್ಸಾಂಡರ್ ಆಗ್ಸ್ಟನ್ ಬಾವುಗಳ ಕೀವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ದುಂಡನೆಯ ಜೀವಿಗಳು ಕಂಡವು. ಕೆಲವು ಮಣಿಸರದಂತೆ ಸಾಲಾಗಿದ್ದವು, ಕೆಲವು ದ್ರಾಕ್ಷಿ ಗೊಂಚಲಿನಂತೆ ಗುಂಪಾಗಿದ್ದವು. 1880ರಲ್ಲಿ ಅವರು ಇದನ್ನು ಬರ್ಲಿನ್‌ನಲ್ಲಿ ನಡೆದ ಜರ್ಮನ್ ಸರ್ಜನರ ಸಭೆಯ ಮುಂದಿಟ್ಟರು. ಗೊಂಚಲಿಗೆ 1882ರಲ್ಲಿ ಸ್ಟ್ಯಾಫಿಲೊಕಾಕಸ್ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಸ್ಟಾಫಿಲೆ ಎಂದರೆ ದ್ರಾಕ್ಷಿ ಗೊಂಚಲು. ಸರಕ್ಕೆ ಸ್ಟ್ರೆಪ್ಟೊಕಾಕಸ್ ಎಂಬ ಹೆಸರು ವಿಯೆನ್ನಾದ ಸರ್ಜನ್ ಬಿಲ್‌ರೋತ್ ಅವರಿಂದ ಅದಕ್ಕೂ ಮೊದಲೇ ಬಂದಿತ್ತು. 1883ರಲ್ಲಿ ಜರ್ಮನ್ ಸರ್ಜನ್ ಫೆಲೈಸನ್ ಹರಡುವ ಕೆಂಪು ಬೇನೆಯಾದ ಎರಿಸಿಪೆಲಸ್‌ನಿಂದ ಸರದ ಜೀವಿಯನ್ನು ಬೇರ್ಪಡಿಸಿ ಬೆಳೆಸಿದರು. ಮರುವರ್ಷ ಇನ್ನೊಬ್ಬ ಜರ್ಮನ್ ಸರ್ಜನ್ ರೋಸೆನ್‌ಬಾಖ್ ಗೊಂಚಲಿನ ಜೀವಿಯನ್ನು ಬೆಳೆಸಿ, ಅದರ ಹೊಂಬಣ್ಣ ನೋಡಿ ಆರಿಯಸ್ ಎಂದು ಸೇರಿಸಿದರು.

ಚಿಕಿತ್ಸೆಯ ಆಯ್ಕೆ ಇರುವುದು ಈ ಎರಡು ಜೀವಿಗಳ ನಡತೆಯಲ್ಲೇ. ಸ್ಟ್ಯಾಫಿಲೊಕಾಕಸ್ ಆರಿಯಸ್ ತನ್ನ ಸುತ್ತ ರಕ್ತದ್ರವವನ್ನು ಹೆಪ್ಪುಗಟ್ಟಿಸುವ ಕಿಣ್ವ ಬಿಡುತ್ತದೆ. ಗೋಡೆ ಕಟ್ಟಿಕೊಂಡು ಒಳಗೆ ಕೀವಾಗುತ್ತದೆ. ಸ್ಟ್ರೆಪ್ಟೊಕಾಕಸ್ ಪಯೊಜೆನಿಸ್ ಇದಕ್ಕೆ ತದ್ವಿರುದ್ಧ: ಹೆಪ್ಪನ್ನೂ ಜೀವಕೋಶಗಳ ನಡುವಿನ ಅಂಟನ್ನೂ ಕರಗಿಸುವ ಕಿಣ್ವಗಳಿಂದ ದಾರಿ ಮಾಡಿಕೊಂಡು ಹರಡುತ್ತದೆ. ಗೋಡೆ ಕಟ್ಟಿದ ಕೀವಿನೊಳಕ್ಕೆ ರಕ್ತ ಹರಿಯುವುದಿಲ್ಲ. ರಕ್ತದೊಂದಿಗೆ ಸಾಗುವ ಮಾತ್ರೆಯ ಮದ್ದೂ ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ. ಹರಡುವ ಕೆಂಪಿನಲ್ಲಿ ರಕ್ತ ಧಾರಾಳವಾಗಿದೆ, ಮಾತ್ರೆ ತಲುಪುತ್ತದೆ. ಕೊಯ್ದರೆ ಹೊರಬರಲು ಏನೂ ಇರುವುದಿಲ್ಲ, ಹೊಸ ಗಾಯವಷ್ಟೇ ಆಗುತ್ತದೆ.

ಕೀವಿದೆಯೇ ಎಂದು ತಿಳಿಯುವುದು

ಬಾವಿನ ಎರಡು ಬದಿಗೆ ಒಂದು ಕೈಯ ಎರಡು ಬೆರಳಿಟ್ಟು, ಇನ್ನೊಂದು ಕೈಯ ಬೆರಳಿನಿಂದ ನಡುವೆ ಮೆಲ್ಲಗೆ ಒತ್ತಬೇಕು. ನೀರು ತುಂಬಿದ ಚೀಲದಂತೆ ಬದಿಯ ಬೆರಳುಗಳಿಗೆ ಅಲೆ ತಟ್ಟಿದರೆ ಕೀವಿದೆ. ಗಟ್ಟಿಯಾಗಿ, ಸುಡುತ್ತ, ಅಲೆಯಿಲ್ಲದೆ ಇದ್ದರೆ ಇನ್ನೂ ಕಾಯಿ. ನಡುವಿನ ಚರ್ಮ ತೆಳುವಾಗಿ ಹಳದಿ ಚುಕ್ಕೆ ಕಂಡರೆ ಒತ್ತಿ ನೋಡುವ ಅಗತ್ಯವೇ ಇಲ್ಲ. ಪೃಷ್ಠ, ಸ್ತನ, ಕುತ್ತಿಗೆಯಂಥ ದಪ್ಪ ಜಾಗಗಳಲ್ಲಿ ಬೆರಳು ಮೋಸ ಹೋಗುತ್ತದೆ. ಅಲ್ಲಿ ಅಲ್ಟ್ರಾಸೌಂಡ್ ಮಾಡಿಸುವುದು ಲೇಸು, ಏಕೆಂದರೆ ಕೆಂಪು ಎಂದುಕೊಂಡು ಮಾತ್ರೆ ಕೊಟ್ಟು ಕಾದ ಎಷ್ಟೋ ಪ್ರಕರಣಗಳಲ್ಲಿ ಒಳಗೆ ಕೀವಿನ ಕುಣಿ ಇರುತ್ತದೆ.

ಹರಡುವ ಕೆಂಪಿನಲ್ಲೂ ಎರಡು ಬಗೆ. ಅಂಚು ಎತ್ತರಿಸಿ, ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಗೆರೆ ಎಳೆಯುವಂತಿದ್ದರೆ ಎರಿಸಿಪೆಲಸ್. ಅದು ಮೇಲಿನ ಪದರದ್ದು. ಅಂಚು ಮಸುಕಾಗಿ ಆಳಕ್ಕಿಳಿದಿದ್ದರೆ ಸೆಲ್ಯುಲೈಟಿಸ್. ಮದ್ದು ಹೆಚ್ಚುಕಡಿಮೆ ಒಂದೇ. ಇವೆರಡಕ್ಕಿಂತ ಮುಖ್ಯವಾಗಿ ಗುರುತಿಸಬೇಕಾದದ್ದು ಸೋಂಕೇ ಅಲ್ಲದ ಕೆಂಪು. ಎರಡೂ ಕಾಲುಗಳ ಕೆಳಭಾಗ ಒಟ್ಟಿಗೆ ಕೆಂಪಾಗಿ, ತುರಿಸುತ್ತ, ಜ್ವರವಿಲ್ಲದೆ ತಿಂಗಳುಗಟ್ಟಲೆ ಇದ್ದರೆ ಅದು ಬಹುಪಾಲು ರಕ್ತನಾಳಗಳ ದೌರ್ಬಲ್ಯದ ಚರ್ಮರೋಗ. ಸೆಲ್ಯುಲೈಟಿಸ್ ಎರಡೂ ಕಾಲಿಗೆ ಒಮ್ಮೆಗೇ ಬರುವುದು ಅಪರೂಪ. ದೇಹದ ಒಂದೇ ಬದಿಗೆ ಪಟ್ಟಿಯಂತೆ ಗುಂಪುಗುಂಪಾಗಿ ನೀರ್ಗುಳ್ಳೆ ಎದ್ದು ಉರಿದರೆ ಸರ್ಪಸುತ್ತು, ಅದು ವೈರಸ್ಸಿನದು. ಉಂಗುರದಂತೆ ಅಂಚು ಬೆಳೆದು ನಡುವೆ ತಿಳಿಯಾದರೆ ಹುಳುಕಡ್ಡಿ, ಅದು ಶಿಲೀಂಧ್ರದ್ದು. ಈ ಮೂರಕ್ಕೂ ಬ್ಯಾಕ್ಟೀರಿಯಾ ಕೊಲ್ಲುವ ಮದ್ದು ವ್ಯರ್ಥ.

ಕುರು: ಶಾಖವೋ, ಸೂಜಿಯೋ, ಚಾಕುವೋ

ಚಿಕ್ಕ ಕುರು, ಅಂದರೆ ಕಡಲೆಕಾಳಿನಿಂದ ಅಡಕೆಯಷ್ಟರವರೆಗಿನದು, ಜ್ವರವಿಲ್ಲದಿದ್ದರೆ ಶಾಖಕ್ಕೆ ಬಗ್ಗುತ್ತದೆ. ಮಣಿಕಟ್ಟಿನ ಒಳಭಾಗಕ್ಕೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಶುಭ್ರ ಬಟ್ಟೆ ಅದ್ದಿ ಹಿಂಡಿ, 10ರಿಂದ 15 ನಿಮಿಷ, ದಿನಕ್ಕೆ 3–4 ಬಾರಿ ಇಡಬೇಕು. ತಾನಾಗಿ ಒಡೆದರೆ ಕೀವು ಒರೆಸಿ, ಒಣ ಗಾಜ್ ಬಟ್ಟೆ ಮುಚ್ಚಿ, ಶಾಖದ ಬಟ್ಟೆಯನ್ನು ಪ್ರತಿ ಸಲ ಕುದಿನೀರಿನಲ್ಲಿ ಒಗೆಯಬೇಕು. ಸುಟ್ಟ ಈರುಳ್ಳಿ, ಅಗಸೆಬೀಜದ ಪಟ್ಟು ಮಾಡುವ ಉಪಕಾರವೂ ಬಹುಪಾಲು ಶಾಖದ್ದೇ. ಸುಣ್ಣ-ಬೆಲ್ಲ, ಸುಣ್ಣ-ಸಾಬೂನು ಕಲಸಿ ಹಚ್ಚುವುದನ್ನು ಮಾತ್ರ ಬಿಡಬೇಕು: ಸುಣ್ಣದ ಕ್ಷಾರ ಚರ್ಮವನ್ನು ಸುಟ್ಟು ತೂತು ಮಾಡುತ್ತದೆ, ಕುರು ಒಡೆದಂತೆ ಕಂಡರೂ ಉಳಿಯುವ ಹುಣ್ಣು ಕುರುವಿಗಿಂತ ದೊಡ್ಡದು.

ಹಿಸುಕುವುದು ಯಾವ ಕುರುವಿಗೂ ಸಲ್ಲದು. ಒತ್ತಿದಾಗ ಗೋಡೆ ಒಳಮುಖವಾಗಿ ಒಡೆದು ಸೋಂಕು ಆಳಕ್ಕಿಳಿಯುತ್ತದೆ. ಮೂಗಿನ ಬುಡದಿಂದ ಮೇಲ್ದುಟಿಯ ಎರಡು ಅಂಚಿನವರೆಗಿನ ತ್ರಿಕೋನದಲ್ಲಿ ಅಪಾಯ ಇನ್ನೂ ಹೆಚ್ಚು. ಅಲ್ಲಿನ ಅಭಿಧಮನಿಗಳು ಕಣ್ಣಿನ ಹಿಂಬದಿಯ ಮೂಲಕ ಮಿದುಳಿನ ಬಳಿಯ ರಕ್ತಕುಹರಕ್ಕೆ ಸೇರುತ್ತವೆ. ಆ ಜಾಗದ ಕುರುವಿನ ಜೊತೆ ಕಣ್ಣುರೆಪ್ಪೆ ಊದಿದರೆ, ಎರಡೆರಡು ಕಂಡರೆ, ತಲೆನೋವು ಬಂದರೆ ಅಂದೇ ಆಸ್ಪತ್ರೆ ಸೇರಬೇಕು.

ಹಣ್ಣಾದ ದೊಡ್ಡ ಬಾವಿಗೆ ಕೊಯ್ತವೇ ಮದ್ದು. ಕೊಯ್ತದ ಭಯಕ್ಕೆ ‘ಸೂಜಿಯಲ್ಲಿ ಎಳೆದುಬಿಡಿ’ ಎಂದು ಕೇಳುವವರು ಬಹಳ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿಯಲ್ಲಿ ಎಳೆದವರಲ್ಲಿ ಗುಣವಾದದ್ದು ಶೇ. 26, ಕೊಯ್ದವರಲ್ಲಿ ಶೇ. 80. ಕೀವು ಗಟ್ಟಿ, ಒಳಗೆ ಕೋಣೆ ಕೋಣೆ. ಸೂಜಿಗೆ ಒಂದು ಕೋಣೆಯಷ್ಟೇ ಸಿಗುತ್ತದೆ. ಮುಖ ಅಥವಾ ಸ್ತನದಲ್ಲಿ ಕಲೆ ಉಳಿಯಬಾರದು ಎಂಬಂಥ ಕಡೆ ಮಾತ್ರ ಸೂಜಿಗೆ ಅರ್ಥವಿದೆ, ಅದೂ ಮತ್ತೆ ಮತ್ತೆ ಎಳೆಯಬೇಕಾದೀತು ಎಂದು ತಿಳಿದುಕೊಂಡೇ.

ಕೊಯ್ಯುವಾಗ ಮರಗಟ್ಟಿಸುವ ಲಿಗ್ನೋಕೇನ್ ಚುಚ್ಚುಮದ್ದು ಪೂರ್ತಿ ಹಿಡಿಯುವುದಿಲ್ಲ ಎಂಬ ದೂರು ನಿಜವೇ. ಸೋಂಕಿರುವ ಜಾಗ ಆಮ್ಲೀಯವಾಗಿರುವುದರಿಂದ ಮದ್ದು ನರದೊಳಕ್ಕೆ ಇಳಿಯುವುದು ಕಡಿಮೆ. ಬಾವಿನ ನಡುವೆ ಚುಚ್ಚುವ ಬದಲು ಸುತ್ತಲಿನ ಒಳ್ಳೆಯ ಚರ್ಮದಲ್ಲಿ ಉಂಗುರದಂತೆ ಚುಚ್ಚಿ, 5–10 ನಿಮಿಷ ಕಾದರೆ ನೋವು ಎಷ್ಟೋ ತಗ್ಗುತ್ತದೆ. ಸೀಳು ಚರ್ಮದ ಸಹಜ ಗೆರೆಗಳ ಗುಂಟ, ಕೀವು ಸಲೀಸಾಗಿ ಹರಿಯುವಷ್ಟು ಉದ್ದ ಇರಬೇಕು. ಸೂಜಿಮೊನೆಯಷ್ಟು ತೂತು ಮಾಡಿ ಬಿಟ್ಟರೆ ಎರಡೇ ದಿನದಲ್ಲಿ ಮುಚ್ಚಿಕೊಂಡು ಮತ್ತೆ ತುಂಬುತ್ತದೆ, ‘ಕೊಯ್ಸಿದರೂ ವಾಸಿಯಾಗಲಿಲ್ಲ’ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಒಳಗಿನ ಕೋಣೆಗಳ ಗೋಡೆಯನ್ನು ಮೊಂಡು ಚಿಮ್ಮಟದಿಂದ ಒಡೆದು, ಸಲೈನಿನಲ್ಲಿ ತೊಳೆಯಬೇಕು. ಗಾಯದೊಳಗೆ ಗಾಜ್ ಪಟ್ಟಿ ತುರುಕುವ ಪದ್ಧತಿ 5 ಸೆಂ.ಮೀ.ಗಿಂತ ಚಿಕ್ಕ ಬಾವಿಗೆ ಬೇಕಿಲ್ಲ. ಅದರಿಂದ ವಾಸಿಯಾಗುವುದು ಬೇಗವಾಗದು, ಬದಲಾಯಿಸುವಾಗಿನ ನೋವು ಮಾತ್ರ ಹೆಚ್ಚುತ್ತದೆ. ಹೊರಬಂದ ಕೀವನ್ನು ಕಲ್ಚರ್ ಪರೀಕ್ಷೆಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ಅದು ಯಾವುದು, ಯಾವ ಮದ್ದಿಗೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆಗೆ, ಕಳಿಸಲು ಕೇಳಿ. ಚರ್ಮದ ಮೇಲಿಂದ ಒರೆಸಿದ್ದಲ್ಲ, ಒಳಗಿನ ಕೀವೇ ಆಗಬೇಕು.

ಕೊಯ್ದ ಮೇಲೆ ಮಾತ್ರೆ ಬೇಕೇ? ಬೇಡ ಎನ್ನುವುದು ಬಹುಕಾಲದ ಸರ್ಜನರ ಅಭಿಪ್ರಾಯವಾಗಿತ್ತು. 2016ರಲ್ಲಿ ಅಮೆರಿಕದ ಐದು ತುರ್ತು ಚಿಕಿತ್ಸಾ ವಿಭಾಗಗಳಿಂದ ಬಂದ ಫಲಿತಾಂಶದ ಪ್ರಕಾರ ಕೊಯ್ದು ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟವರಲ್ಲಿ ಶೇ. 80.5, ಕೊಯ್ದು ಹುಸಿಮಾತ್ರೆ (ಮದ್ದೇ ಇಲ್ಲದ ಮಾತ್ರೆ) ಕೊಟ್ಟವರಲ್ಲಿ ಶೇ. 73.6 ಗುಣವಾದರು. ಮರುವರ್ಷದ ಇನ್ನೊಂದು ಪರೀಕ್ಷೆಯಲ್ಲಿ, 5 ಸೆಂ.ಮೀ.ವರೆಗಿನ ಬಾವುಗಳಿಗೆ, ಕ್ಲಿಂಡಮೈಸಿನ್‌ನಿಂದ ಶೇ. 83.1, ಕೋಟ್ರೈಮಾಕ್ಸಜೋಲ್‌ನಿಂದ ಶೇ. 81.7, ಹುಸಿಮಾತ್ರೆಯಿಂದ ಶೇ. 68.9. ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಮಾತ್ರೆಯಿಂದ ಲಾಭವಿದೆ, ಸುಳ್ಳಲ್ಲ. ಆದರೆ ಬರಿಯ ಕೊಯ್ತದಿಂದಲೇ ಹತ್ತರಲ್ಲಿ ಏಳು ಮಂದಿ ಗುಣವಾಗಿದ್ದಾರೆ. ಕೊಯ್ಯದೆ ಬರಿಯ ಮಾತ್ರೆ ಎಂಬ ಗುಂಪು ಆ ಪರೀಕ್ಷೆಗಳಲ್ಲಿ ಇರಲೇ ಇಲ್ಲ. ನಮ್ಮಲ್ಲಿ ಅತಿ ಹೆಚ್ಚು ನಡೆಯುವುದು ಅದೇ. ನಮ್ಮ ತೀರ್ಪು: 2 ಸೆಂ.ಮೀ.ಗಿಂತ ಚಿಕ್ಕದು, ಸುತ್ತ ಕೆಂಪು ಕಡಿಮೆ, ಜ್ವರವಿಲ್ಲ, ಸಕ್ಕರೆ ಕಾಯಿಲೆಯಿಲ್ಲ ಎಂದಾದರೆ ಕೊಯ್ತ ಸಾಕು. ಜ್ವರ, ಸುತ್ತ ಹರಡಿದ ಕೆಂಪು, ಒಂದಕ್ಕಿಂತ ಹೆಚ್ಚು ಬಾವು, ಮುಖ-ಕೈ-ಜನನಾಂಗದ ಜಾಗ, ಹಸುಗೂಸು, ವೃದ್ಧರು, ಸಕ್ಕರೆ ಕಾಯಿಲೆ ಇದ್ದಲ್ಲಿ ಮಾತ್ರೆಯೂ ಸೇರಲಿ. ಕತ್ತಿನ ಹಿಂಭಾಗದಲ್ಲೋ ಬೆನ್ನಿನಲ್ಲೋ ಏಳುವ ಹಲವು ಬಾಯಿಯ ಕುರುವಿಗೆ, ಅಂದರೆ ಕಾರ್ಬಂಕಲ್‌ಗೆ, ಕೊಯ್ತ ಮತ್ತು ಮಾತ್ರೆ ಎರಡೂ ಬೇಕು. ರಕ್ತದ ಸಕ್ಕರೆಯನ್ನು ಅಂದೇ ನೋಡಬೇಕು.

ಹರಡುವ ಕೆಂಪು: ಮಾತ್ರೆಯ ಸರದಿ

ಇಲ್ಲಿ ಶತ್ರು ಬಹುಪಾಲು ಸ್ಟ್ರೆಪ್ಟೊಕಾಕಸ್. ಅದನ್ನು ಮೊದಲು ಮಣಿಸಿದ್ದು ಒಂದು ಕೆಂಪು ಬಣ್ಣ. ಜರ್ಮನಿಯ ಗೆರ್‌ಹಾರ್ಟ್ ಡೊಮಾಕ್ 1935ರಲ್ಲಿ ಪ್ರಕಟಿಸಿದ ಪ್ರಾಂಟೊಸಿಲ್, ಸಲ್ಫಾ ಔಷಧಿಗಳ ಮೂಲ. ತಮ್ಮ ಮಗಳ ಕೈಗೆ ಸೂಜಿ ಚುಚ್ಚಿ ನಂಜೇರಿದಾಗ ಅವರು ಅದನ್ನೇ ಕೊಟ್ಟಿದ್ದರು. ಸಲ್ಫಾಗಳು ಬೇಗ ಮೊಂಡಾದವು. ಪೆನಿಸಿಲಿನ್ ಹಾಗಾಗಲಿಲ್ಲ: ಸ್ಟ್ರೆಪ್ಟೊಕಾಕಸ್ ಪಯೊಜೆನಿಸ್ ಇಷ್ಟು ದಶಕಗಳಾದರೂ ಪೆನಿಸಿಲಿನ್‌ಗೆ ಪ್ರತಿರೋಧ ಬೆಳೆಸಿಕೊಂಡಿಲ್ಲ. ಹಾಗಾಗಿ ಕೀವಿಲ್ಲದ ಕೆಂಪಿಗೆ ದುಬಾರಿ ಹೊಸ ಮದ್ದು ಬೇಕಿಲ್ಲ. ದೊಡ್ಡವರಿಗೆ ಸೆಫಲೆಕ್ಸಿನ್ 500 ಮಿ.ಗ್ರಾಂ. ದಿನಕ್ಕೆ 4 ಬಾರಿ, ಇಲ್ಲವೇ ಪೆನಿಸಿಲಿನ್ ಗುಂಪಿನ ಮಾತ್ರೆ ಸಾಕು. ಸೆಫಲೆಕ್ಸಿನ್ ಜೊತೆ ಕೋಟ್ರೈಮಾಕ್ಸಜೋಲ್ ಸೇರಿಸಿದರೆ ಹೆಚ್ಚು ಗುಣವಾದೀತೇ ಎಂದು 2017ರಲ್ಲಿ ಹೋಲಿಸಿ ನೋಡಲಾಯಿತು: ನಿಯಮದಂತೆ ಮಾತ್ರೆ ನುಂಗಿದವರಲ್ಲಿ ಸೇರಿಸಿದ ಗುಂಪು ಶೇ. 83.5, ಸೇರಿಸದ ಗುಂಪು ಶೇ. 85.5. ಎರಡನೇ ಮಾತ್ರೆಗೆ ಕೊಟ್ಟ ಹಣ ದಂಡ. ಪೆನಿಸಿಲಿನ್ ಅಲರ್ಜಿ ತೀವ್ರವಾಗಿದ್ದವರಿಗೆ ಕ್ಲಿಂಡಮೈಸಿನ್ ದಾರಿ. ಬೇಧಿ ಶುರುವಾದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಸಿಪ್ರೊಫ್ಲಾಕ್ಸಸಿನ್ ಸ್ಟ್ರೆಪ್ಟೊಕಾಕಸ್ಸಿನ ಮೇಲೆ ದುರ್ಬಲ, ಅದನ್ನು ಇಲ್ಲಿಗೆ ತರಬಾರದು.

ಇಂಥ ಸೋಂಕಿಗೆ 5 ದಿನ ಸಾಕು. 5ನೇ ದಿನಕ್ಕೂ ಸರಿಯಾಗಿ ಇಳಿಯದಿದ್ದರೆ ಮಾತ್ರ ಮುಂದುವರಿಸುವುದು. ಮೊದಲ ಮಾತ್ರೆ ನುಂಗುವಾಗಲೇ ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದು ಹೊತ್ತು ಬರೆಯಿರಿ. ಮೊದಲ 24ರಿಂದ 48 ಗಂಟೆಗಳಲ್ಲಿ ಕೆಂಪು ಗೆರೆ ದಾಟುವುದುಂಟು, ಸಾಯುತ್ತಿರುವ ಬ್ಯಾಕ್ಟೀರಿಯಾದ ತುಣುಕುಗಳೇ ಉರಿಯೂತ ಎಬ್ಬಿಸುತ್ತವೆ. ಜ್ವರ ಇಳಿದು, ನೋವು ತಗ್ಗಿ, ಕೆಂಪು ಮಾತ್ರ ಸ್ವಲ್ಪ ದಾಟಿದ್ದರೆ ಮದ್ದು ಬದಲಿಸಲು ಅವಸರ ಬೇಡ. 48 ಗಂಟೆಯ ನಂತರವೂ ದಾಟುತ್ತಿದ್ದರೆ ಒಳಗೆ ಕೀವಿದೆಯೇ ಎಂದು ಮತ್ತೆ ನೋಡಬೇಕು. ಕಾಲನ್ನು ದಿಂಬಿನ ಮೇಲೆ ಎದೆಮಟ್ಟಕ್ಕಿಂತ ಎತ್ತರ ಇಡುವುದು ಅರ್ಧ ಚಿಕಿತ್ಸೆ. ಕುರ್ಚಿಯಲ್ಲಿ ಕೂತು ಸ್ಟೂಲಿನ ಮೇಲೆ ಇಟ್ಟರೆ ಸಾಲದು.

ಕಾಲ್ಬೆರಳ ಸಂದುಗಳನ್ನು ನೋಡದೆ ಈ ರೋಗದ ಚಿಕಿತ್ಸೆ ಮುಗಿಯುವುದಿಲ್ಲ. ನೆಂದು ಬೆಳ್ಳಗಾಗಿ ಬಿರಿದ ಸಂದುಗಳೇ ಬ್ಯಾಕ್ಟೀರಿಯಾದ ಬಾಗಿಲು; ಅಲ್ಲಿನ ಶಿಲೀಂಧ್ರವನ್ನು ಕೊಲ್ಲುವ ಮುಲಾಮು ಹಚ್ಚಿ ಆ ಬಾಗಿಲು ಮುಚ್ಚಬೇಕು. ನಮ್ಮ ಕರಾವಳಿಯಲ್ಲೂ ಕಲಬುರಗಿ ಕಡೆಯೂ ಆನೆಕಾಲು ಇರುವವರಿಗೆ ಆಗಾಗ ಬರುವ ಚಳಿಜ್ವರ, ಕಾಲುರಿ ಬಹುಪಾಲು ಹುಳುವಿನದಲ್ಲ, ಇದೇ ಬ್ಯಾಕ್ಟೀರಿಯಾದ್ದು. ದಿನವೂ ಸಾಬೂನಿನಲ್ಲಿ ಕಾಲು ತೊಳೆದು, ಬೆರಳ ಸಂದುಗಳನ್ನು ಒತ್ತಿ ಒರೆಸಿ ಒಣಗಿಸಿದರೆ ಈ ಜ್ವರ ಬರುವುದು ಕಡಿಮೆಯಾಗುತ್ತದೆ.

ಪದೇ ಪದೇ ಬಂದರೆ ಎರಡು ದಾರಿ. ಒಂದು, ಪೆನಿಸಿಲಿನ್ ವಿ 250 ಮಿ.ಗ್ರಾಂ. ದಿನಕ್ಕೆ ಎರಡು ಬಾರಿ, ವರ್ಷಪೂರ್ತಿ. 2013ರಲ್ಲಿ ಪ್ರಕಟವಾದ ಬ್ರಿಟನ್‌ನ ಪರೀಕ್ಷೆಯಲ್ಲಿ ಇದನ್ನು ತೆಗೆದುಕೊಳ್ಳುತ್ತಿದ್ದಾಗ ಮರುಕಳಿಸಿದ್ದು ಶೇ. 22, ಹುಸಿಮಾತ್ರೆಯವರಲ್ಲಿ ಶೇ. 37, ಮಾತ್ರೆ ನಿಲ್ಲಿಸಿದ ಮೇಲೆ ರಕ್ಷಣೆ ಕ್ರಮೇಣ ಕರಗಿತು. ಇನ್ನೊಂದು, ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಒತ್ತುಕಾಲುಚೀಲ. ಕಾಲು ಸದಾ ಊದಿರುವವರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಪರೀಕ್ಷೆಯಲ್ಲಿ (2020) ಕಾಲುಚೀಲ ಹಾಕಿದವರಲ್ಲಿ ಶೇ. 15, ಹಾಕದವರಲ್ಲಿ ಶೇ. 40 ಮಂದಿಗೆ ಮರುಕಳಿಸಿತು. ಊತ ಇರುವವರಿಗೆ ನಾವು ಮೊದಲು ಹೇಳುವುದು ಕಾಲುಚೀಲವನ್ನೇ. ಆದರೆ ಅಳತೆ ಕೊಡುವ ಮೊದಲು ಪಾದದ ನಾಡಿ ಬಡಿಯುತ್ತಿದೆಯೇ ಎಂದು ವೈದ್ಯರು ಮುಟ್ಟಿ ನೋಡಲಿ. ರಕ್ತ ಸಂಚಾರವೇ ಕಡಿಮೆಯಿರುವ ಕಾಲಿಗೆ ಒತ್ತಡ ಹಾಕಿದರೆ ಬೆರಳು ಕಪ್ಪಾಗಬಹುದು.

ಹೋಲಿಕೆಗೆ ಅವಕಾಶವೇ ಇಲ್ಲದ ಕೆಂಪೊಂದಿದೆ. ಕಣ್ಣಿಗೆ ಕಾಣುವ ಕೆಂಪು ಅಂಗೈಯಷ್ಟು, ನೋವು ಮಾತ್ರ ಜೀವ ಹೋಗುವಷ್ಟು, ಗಂಟೆಗಂಟೆಗೂ ಹರಡುವಿಕೆ, ಕೆಂಪು ನೇರಳೆಗೆ ತಿರುಗುವುದು, ನೀರ್ಗುಳ್ಳೆ, ಮುಟ್ಟಿದರೆ ಮರಗಟ್ಟಿದ ಚರ್ಮ, ಒತ್ತಿದರೆ ಚರಚರ ಸದ್ದು, ಮಂಕು, ತಗ್ಗಿದ ರಕ್ತದೊತ್ತಡ. ಇದು ಸ್ನಾಯುವಿನ ಹೊದಿಕೆಯನ್ನೇ ಕೊಳೆಸುವ ಸೋಂಕು. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಇದನ್ನು ಕಂಡ ಜೋಸೆಫ್ ಜೋನ್ಸ್ 1871ರಲ್ಲಿ ಬರೆದಿಟ್ಟರು, 1924ರಲ್ಲಿ ಅಮೆರಿಕದ ಸರ್ಜನ್ ಮೆಲನಿ ಬೀಜಿಂಗ್‌ನ ರೋಗಿಗಳಲ್ಲಿ ಸ್ಟ್ರೆಪ್ಟೊಕಾಕಸ್ಸಿನ ಪಾತ್ರ ತೋರಿಸಿದರು, ನೆಕ್ರೊಟೈಜಿಂಗ್ ಫ್ಯಾಸಿಐಟಿಸ್ ಎಂಬ ಹೆಸರು 1952ರಲ್ಲಿ ವಿಲ್ಸನ್ ಎಂಬ ಸರ್ಜನ್‌ರಿಂದ ಬಂತು. ಕೊಳೆತದ್ದನ್ನೆಲ್ಲ ಅದೇ ದಿನ ಕೊಯ್ದು ತೆಗೆಯದಿದ್ದರೆ ಯಾವ ಚುಚ್ಚುಮದ್ದೂ ಉಳಿಸದು. ಸ್ಕ್ಯಾನಿಂಗ್‌ಗೆಂದು ಹೊತ್ತು ಕಳೆಯದೆ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೇ ನೇರ ಹೋಗಬೇಕು.

ಮಕ್ಕಳ ಹಕ್ಕಳೆ: ಯಾವ ಮುಲಾಮು

ಮೂಗು-ಬಾಯಿಯ ಸುತ್ತ ಚಿಕ್ಕ ಗುಳ್ಳೆ ಒಡೆದು, ಜೇನು ಸವರಿದಂತೆ ಹಕ್ಕಳೆ ಕಟ್ಟಿದರೆ ಅದು ಇಂಪೆಟೈಗೊ. ಹೆಚ್ಚಾಗಿ 2ರಿಂದ 5 ವರ್ಷದ ಮಕ್ಕಳಿಗೆ. ನಾಲ್ಕೈದು ಜಾಗಕ್ಕಿಂತ ಹೆಚ್ಚಿಲ್ಲದಿದ್ದರೆ ಮುಲಾಮು ಮಾತ್ರೆಗೆ ಸಮ, ಕೆಲವು ಹೋಲಿಕೆಗಳಲ್ಲಿ ಮೇಲು. ಮ್ಯುಪಿರೊಸಿನ್ ಶೇ. 2 ಅಥವಾ ಫ್ಯುಸಿಡಿಕ್ ಆ್ಯಸಿಡ್ ಶೇ. 2, ದಿನಕ್ಕೆ 2–3 ಬಾರಿ, 5 ದಿನ. ಗುಣದಲ್ಲಿ ಇವೆರಡೂ ಸಮ. ಮ್ಯುಪಿರೊಸಿನ್ ಸಿಗುವುದು ಮಣ್ಣಿನ ಸೂಡೊಮೊನಾಸ್ ಬ್ಯಾಕ್ಟೀರಿಯಾದಿಂದ, ಬಳಕೆಗೆ ಬಂದದ್ದು 1980ರ ದಶಕದಲ್ಲಿ. ಫ್ಯುಸಿಡಿಕ್ ಆ್ಯಸಿಡ್ ಒಂದು ಶಿಲೀಂಧ್ರದಿಂದ ಬಂದದ್ದು, ಡೆನ್ಮಾರ್ಕ್‌ನಿಂದ 1962ರಲ್ಲಿ ಹೊರಬಂತು; ಅತಿಯಾಗಿ ಬಳಸಿದ ಸ್ವೀಡನ್, ನಾರ್ವೆಗಳಲ್ಲಿ ಈ ಶತಮಾನದ ಆರಂಭದಲ್ಲಿ ಅದಕ್ಕೆ ಬಗ್ಗದ ತಳಿಯೇ ಮಕ್ಕಳಲ್ಲಿ ಹಬ್ಬಿತು. ಆದ್ದರಿಂದ ಯಾವುದನ್ನಾದರೂ 10 ದಿನ ಮೀರಿ ಎಳೆಯಬಾರದು.

ಮುಲಾಮು ಸೋಲುವುದು ಹೆಚ್ಚಾಗಿ ಹಚ್ಚುವ ರೀತಿಯಿಂದ. ಹಕ್ಕಳೆಯ ಮೇಲೆ ಹಚ್ಚಿದ ಮದ್ದು ಹಕ್ಕಳೆಗೇ ಆಯಿತು. ಮೊದಲು ಉಗುರುಬೆಚ್ಚಗಿನ ಸಾಬೂನು ನೀರಿನ ಬಟ್ಟೆಯನ್ನು 5–10 ನಿಮಿಷ ಇಟ್ಟು, ನೆನೆದ ಹಕ್ಕಳೆಯನ್ನು ಮೆಲ್ಲಗೆ ಒರೆಸಿ ತೆಗೆದು, ಒಣಗಿಸಿ, ಕೆಂಪು ತಳದ ಮೇಲೆ ತೆಳ್ಳಗೆ ಹಚ್ಚಬೇಕು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಮದ್ದು ಸುಮಾರು ಅರ್ಧ ಗ್ರಾಂ. ಎರಡು ಅಂಗೈಯಗಲಕ್ಕೆ ಅಷ್ಟು ಸಾಕು. 5 ಗ್ರಾಂ ಟ್ಯೂಬು ಒಂದು ಮಗುವಿಗೆ ಧಾರಾಳ.

ಉಳಿದ ಟ್ಯೂಬುಗಳ ಮಾತು ಬೇಗ ಮುಗಿಯುತ್ತದೆ. ಪೊವಿಡೋನ್ ಅಯೋಡಿನ್ ಗಾಯ ಶುಚಿಗೊಳಿಸಲು ಸರಿ, ಇಂಪೆಟೈಗೊಕ್ಕೆ ಅದೊಂದೇ ನಂಬುವಂಥದ್ದಲ್ಲ. ನಿಯೊಮೈಸಿನ್ ಇರುವ ಪುಡಿ, ಮುಲಾಮುಗಳು ಹಲವರಿಗೆ ಅಲರ್ಜಿಯ ತುರಿಕೆ ತರುತ್ತವೆ. ಆ ಕೆಂಪನ್ನು ಸೋಂಕು ಎಂದುಕೊಂಡು ಮತ್ತೆ ಅದನ್ನೇ ಹಚ್ಚುವ ಸುತ್ತು ಶುರುವಾಗುತ್ತದೆ. ಬ್ರಿಟನ್‌ನಲ್ಲಿ ಕೆಲವೇ ಕಲೆಗಳಿದ್ದಾಗ ಸೂಚಿಸುವುದು ಶೇ. 1ರ ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮು. ಅದೇ ಎಂದುಕೊಂಡು ನಮ್ಮ ಅಂಗಡಿಯ ನೊರೆ ಬರುವ ದ್ರವವನ್ನು ಮಗುವಿನ ಮುಖಕ್ಕೆ ಸುರಿಯಬಾರದು. ಎಲ್ಲಕ್ಕಿಂತ ಕೆಟ್ಟದ್ದು ಸ್ಟೀರಾಯ್ಡ್, ಆ್ಯಂಟಿಬಯೋಟಿಕ್, ಶಿಲೀಂಧ್ರದ ಮದ್ದು ಮೂರನ್ನೂ ಬೆರೆಸಿದ ಟ್ಯೂಬು. ಎರಡು ದಿನ ಕೆಂಪು ಮಾಯವಾದಂತೆ ಕಾಣುತ್ತದೆ. ಸ್ಟೀರಾಯ್ಡ್ ಚರ್ಮದ ಕಾವಲನ್ನೇ ಮಲಗಿಸಿರುತ್ತದೆ, ಸೋಂಕು ಒಳಗೆ ಬೆಳೆಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಲೇಪನಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಮಾಡಿತು. ಟ್ಯೂಬಿನ ಮೇಲೆ ಕ್ಲೊಬೆಟಸೋಲ್, ಬೆಕ್ಲೊಮೆಟಸೋನ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್.

ಮೈತುಂಬ ಹಬ್ಬಿದ್ದರೆ, ನೀರು ತುಂಬಿದ ದೊಡ್ಡ ಗುಳ್ಳೆಗಳಿದ್ದರೆ, ಮನೆಯಲ್ಲಿ ಹಲವರಿಗೆ ಬಂದಿದ್ದರೆ ಬಾಯಿಗೆ ಕೊಡುವ ಮದ್ದು ಬೇಕು, 7 ದಿನ. ಸೆಫಲೆಕ್ಸಿನ್ ಮಗುವಿನ ತೂಕದ ಪ್ರತಿ ಕಿಲೋಗೆ ದಿನಕ್ಕೆ 25–50 ಮಿ.ಗ್ರಾಂ., 3–4 ಪಾಲು ಮಾಡಿ. ಬರಿಯ ಅಮಾಕ್ಸಿಸಿಲಿನ್ ಇಲ್ಲಿ ಸಾಲದು, ಏಕೆಂದರೆ ಇಲ್ಲಿ ಸ್ಟ್ಯಾಫಿಲೊಕಾಕಸ್ ಕೂಡ ಇದೆ, ಮತ್ತು ಅದು ಪೆನಿಸಿಲಿನ್ನನ್ನು ಒಡೆಯುವ ಕಿಣ್ವ ಕಲಿತು ದಶಕಗಳೇ ಕಳೆದಿವೆ. 1941ರ ಫೆಬ್ರವರಿ 12ರಂದು ಆಕ್ಸ್‌ಫರ್ಡ್‌ನಲ್ಲಿ ಪೊಲೀಸ್ ಪೇದೆ ಆಲ್ಬರ್ಟ್ ಅಲೆಕ್ಸಾಂಡರ್‌ಗೆ ಪೆನಿಸಿಲಿನ್ ಕೊಡಲು ಶುರುಮಾಡಿದಾಗ ಅವರ ಮುಖದಲ್ಲಿ ಎರಡೂ ಬ್ಯಾಕ್ಟೀರಿಯಾಗಳಿದ್ದವು. ಗುಣ ಕಾಣತೊಡಗಿತು, ಮೂತ್ರದಿಂದ ಮತ್ತೆ ಬಸಿದು ಕೊಟ್ಟರೂ ಮದ್ದು ಮುಗಿದುಹೋಯಿತು, ಮಾರ್ಚ್ 15ರಂದು ಅವರು ತೀರಿಕೊಂಡರು. ಅಂದು ಕೊರತೆಯಿಂದ ಸೋತ ಮದ್ದು ಕೆಲವೇ ವರ್ಷಗಳಲ್ಲಿ ಹೇರಳ ಬಳಕೆಯಿಂದ ಸೋಲತೊಡಗಿತು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಬ್ಯಾಕ್ಟೀರಿಯಾ ತಜ್ಞೆ ಮೇರಿ ಬಾರ್ಬರ್ ಪರೀಕ್ಷಿಸಿದ ಸ್ಟ್ಯಾಫಿಲೊಕಾಕಸ್‌ಗಳಲ್ಲಿ ಪೆನಿಸಿಲಿನ್‌ಗೆ ಬಗ್ಗದವು 1946ರಲ್ಲಿ ಸುಮಾರು ಶೇ. 14, 1948ರಲ್ಲಿ ಶೇ. 59. ಆ ಕಿಣ್ವಕ್ಕೆ ಸಿಗದ ಮೆಥಿಸಿಲಿನ್ 1959ರಲ್ಲಿ ರೂಪುಗೊಂಡಿತು. 1961ರಲ್ಲಿ ಅದಕ್ಕೂ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್, ಅಂದರೆ ಎಂಆರ್‌ಎಸ್‌ಎ, ವರದಿಯಾಯಿತು. ಕೀವಿನ ಕಲ್ಚರ್‌ನಲ್ಲಿ ಆ ಹೆಸರು ಬಂದರೆ ಸೆಫಲೆಕ್ಸಿನ್, ಕ್ಲಾಕ್ಸಸಿಲಿನ್, ಕ್ಲಾವುಲನೇಟ್ ಬೆರೆಸಿದ ಅಮಾಕ್ಸಿಸಿಲಿನ್ ಮೂರೂ ನಿಷ್ಪ್ರಯೋಜಕ. ಆಗ ಕೋಟ್ರೈಮಾಕ್ಸಜೋಲ್, ಡಾಕ್ಸಿಸೈಕ್ಲಿನ್, ಕ್ಲಿಂಡಮೈಸಿನ್‌ಗಳಲ್ಲಿ ವರದಿ ಒಪ್ಪುವುದನ್ನು ಆರಿಸಬೇಕು. ಡಾಕ್ಸಿಸೈಕ್ಲಿನ್ ಬಸುರಿಯರಿಗೂ ಚಿಕ್ಕ ಮಕ್ಕಳಿಗೂ ಕೊಡುವಂಥದ್ದಲ್ಲ. ಕೋಟ್ರೈಮಾಕ್ಸಜೋಲ್ ನುಂಗಿ ಮೈಮೇಲೆ ಗಂಧೆ ಅಥವಾ ಬಾಯಲ್ಲಿ ಹುಣ್ಣು ಎದ್ದರೆ ಅದೇ ಕ್ಷಣ ನಿಲ್ಲಿಸಬೇಕು. ಬಿಪಿಗೆ ಎನಾಲಪ್ರಿಲ್, ಟೆಲ್ಮಿಸಾರ್ಟನ್‌ನಂಥ ಮಾತ್ರೆ ನುಂಗುವವರಲ್ಲಿ ಅದು ರಕ್ತದ ಪೊಟ್ಯಾಸಿಯಂ ಏರಿಸುತ್ತದೆ.

ಚುಚ್ಚುಮದ್ದಿಗಿಂತ ಬಾಯಿಯ ಮದ್ದು ಕೀಳಲ್ಲ ಎಂಬುದಕ್ಕೆ ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದ ಮೂಲನಿವಾಸಿ ಮಕ್ಕಳ ಮೇಲೆ ನಡೆದ ಹೋಲಿಕೆ (2014) ಸಾಕ್ಷಿ: ಬೆಂಜಾಥಿನ್ ಪೆನಿಸಿಲಿನ್ ಚುಚ್ಚಿಸಿಕೊಂಡವರು, 3 ಅಥವಾ 5 ದಿನ ಕೋಟ್ರೈಮಾಕ್ಸಜೋಲ್ ಕುಡಿದವರು, ಇಬ್ಬರಲ್ಲೂ ಶೇ. 85 ಗುಣ. ಯಾವುದನ್ನು ಕೊಟ್ಟರೂ ಮುಂದಿನ ಆರು ವಾರ ಮಗುವಿನ ಮೂತ್ರದ ಮೇಲೆ ಕಣ್ಣಿರಲಿ. ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಬೆಳಿಗ್ಗೆ ಮುಖ ಊದಿದರೆ ಅದು ಸ್ಟ್ರೆಪ್ಟೊಕಾಕಸ್ ಸೋಂಕಿನ ಬೆನ್ನಿಗೆ ಬರುವ ಮೂತ್ರಪಿಂಡದ ಉರಿಯೂತ. ತಡಮಾಡದೆ ಮಕ್ಕಳ ವೈದ್ಯರಲ್ಲಿಗೆ ಒಯ್ಯಬೇಕು.

ಮತ್ತೆ ಮತ್ತೆ ಬಂದರೆ

ಮಗುವಿಗೆ ಇಂಪೆಟೈಗೊ ಹೋಗಿ ಹೋಗಿ ಬರುತ್ತಿದ್ದರೆ ಬೆರಳ ಸಂದು, ಮಣಿಕಟ್ಟು, ಸೊಂಟ ನೋಡಿ. ರಾತ್ರಿ ತುರಿಕೆ ಇದ್ದರೆ ಮೂಲ ತುರಿಕಜ್ಜಿ. ಕೆರೆದ ಗಾಯಕ್ಕೆ ಬ್ಯಾಕ್ಟೀರಿಯಾ ಕೂತಿದೆ. ಫಿಜಿ ದ್ವೀಪಗಳಲ್ಲಿ ಊರಿಗೆ ಊರೇ ಕಜ್ಜಿಯ ಮಾತ್ರೆಯಾದ ಐವರ್‌ಮೆಕ್ಟಿನ್ ಕೊಟ್ಟು ನೋಡಿದಾಗ (2015) ಕಜ್ಜಿ ಶೇ. 32.1ರಿಂದ 1.9ಕ್ಕೆ ಇಳಿಯಿತು, ಜೊತೆಗೆ ಇಂಪೆಟೈಗೊ ಶೇ. 24.6ರಿಂದ 8.0ಕ್ಕೆ. ಇಂಪೆಟೈಗೊಕ್ಕೆಂದು ಯಾರಿಗೂ ಬೇರೆ ಮದ್ದು ಹಂಚಿರಲಿಲ್ಲ. ಮನೆಮಂದಿಗೆಲ್ಲ ಒಂದೇ ರಾತ್ರಿ ಕಜ್ಜಿಯ ಮದ್ದು ಹಚ್ಚುವುದು ಹತ್ತು ಟ್ಯೂಬು ಮ್ಯುಪಿರೊಸಿನ್‌ಗಿಂತ ಮೇಲು.

ದೊಡ್ಡವರಿಗೆ ಕುರು ಮರಳುತ್ತಿದ್ದರೆ ಮಾವಿನ ಹಣ್ಣನ್ನೂ ಉಷ್ಣವನ್ನೂ ದೂರುವ ಮೊದಲು ಮೂಗನ್ನು ನೋಡಬೇಕು. ಸ್ಟ್ಯಾಫಿಲೊಕಾಕಸ್ ಮನೆ ಮಾಡುವುದು ಮೂಗಿನ ಮುಂಭಾಗ, ಕಂಕುಳು, ತೊಡೆಸಂದುಗಳಲ್ಲಿ. 5 ದಿನದ ಕ್ರಮ ಹೀಗಿದೆ: ಮೂಗಿನ ಎರಡೂ ಹೊಳ್ಳೆಗೆ ಮ್ಯುಪಿರೊಸಿನ್ ಬೆಳಿಗ್ಗೆ ಸಂಜೆ, ದಿನಕ್ಕೊಮ್ಮೆ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ದ್ರವದಿಂದ ಕುತ್ತಿಗೆಯ ಕೆಳಗೆ ಮೈ ತೊಳೆಯುವುದು, ಕಣ್ಣು ಕಿವಿಗೆ ತಾಗದಂತೆ, ಟವೆಲು, ಒಳಉಡುಪು, ದಿಂಬಿನ ಹೊದಿಕೆ ದಿನವೂ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ. ಇರುವ ಕುರು ಪೂರ್ತಿ ಮಾಯ್ದ ಮೇಲೆ ಇದನ್ನು ಶುರುಮಾಡಬೇಕು. ಒಬ್ಬರೇ ಮಾಡುವುದಕ್ಕಿಂತ ಮನೆಯವರೆಲ್ಲ ಅದೇ 5 ದಿನ ಮಾಡಿದಾಗ ಫಲ ಹೆಚ್ಚು. ಆ ಅವಧಿಯಲ್ಲಿ ಒಂದೇ ರೇಜರನ್ನು ಇಬ್ಬರು ಬಳಸುವುದು, ಕಂಕುಳು ಬೋಳಿಸುವುದು ಬೇಡ. ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಗೊತ್ತಿಲ್ಲದವರು ಖಾಲಿಹೊಟ್ಟೆಯ ಸಕ್ಕರೆಯ ಜೊತೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಮಾಡಿಸಲಿ.